ಮೊದಲು ಅವರನ್ನು ಒಬ್ಬರನ್ನೇ ಮಾತಾಡಿಸು

ಪ್ರೀತಿಯ ಪುಟ್ಟಿ,

ಉಚಿತ ಕಾನೂನು ನೆರವು ಕೊಡುವ ವಕೀಲರ ಪ್ಯಾನೆಲ್‌ಗೆ ನಿನ್ನ ಹೆಸರು ಸೇರಿದೆ ಅಂತ ಕೇಳಿ ತುಂಬಾ ಖುಷಿಯಾಯಿತು. ಫೋನಿನಲ್ಲಿ ಗಂಟಲು ಕಟ್ಟಿ ಸರಿಯಾಗಿ ಮಾತಾಡಲು ಆಗಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕಾನೂನು ನನಗಿಂತ ನಿನಗೇ ಜಾಸ್ತಿ ಗೊತ್ತು. ಆದರೆ ಇಷ್ಟು ವರ್ಷ ಪ್ಯಾರಾ ಲೀಗಲ್ ಸ್ವಯಂಸೇವಕಿಯಾಗಿ, ಅಂದರೆ ಜನರಿಗೂ ಕಾನೂನು ನೆರವಿಗೂ ನಡುವೆ ನಿಂತು, ನೆರವು ಕೇಳಿ ಬರುವ ಹಿರಿಯರ ಪಕ್ಕದಲ್ಲೇ ಕೂತವಳು ನಾನು.

ಇತ್ತೀಚೆಗೆ ಒಬ್ಬ ಅಜ್ಜಿ ಬಂದಿದ್ದರು. ಪಿಂಚಣಿ ಅರ್ಜಿ ತುಂಬಿಸಬೇಕು ಅಂತ ಮಗನೇ ಕರೆತಂದಿದ್ದ. ಏನು ಕೇಳಿದರೂ ಅವನದೇ ಉತ್ತರ. ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾಗದಗಳನ್ನು ಎದೆಗೆ ಅವುಚಿಕೊಂಡು ನೆಲ ನೋಡುತ್ತಿದ್ದರು. 'ಸ್ವಲ್ಪ ಹೊರಗಿರಪ್ಪ' ಎಂದು ಅವನನ್ನು ಕಳಿಸಿದೆ. ಬಾಗಿಲು ಹಾಕಿದ ಮೇಲೂ ಅವರು ಬಾಯಿ ಬಿಡಲಿಲ್ಲ. ನಾನೂ ಸುಮ್ಮನೆ ಕೂತೆ. ಆಮೇಲೆ ಮೆಲ್ಲಗೆ ಕವರ್ ಬಿಚ್ಚಿ ಒಂದು ದಾನಪತ್ರದ ನಕಲು ತೆಗೆದರು. ಕೊನೆಯ ಪುಟದಲ್ಲಿದ್ದ ತಮ್ಮ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟು, 'ಇದರಲ್ಲಿ ಏನಿದೆ ಅಂತ ನನಗೆ ಯಾರೂ ಓದಿ ಹೇಳಲಿಲ್ಲಮ್ಮ' ಎಂದರು. ಮರುಕ್ಷಣವೇ, 'ನನ್ನ ಮಗನನ್ನು ಜೈಲಿಗೆ ಹಾಕಲ್ಲ ಅಲ್ವಾ?'

ಪುಟ್ಟಿ, ಈ ಪ್ರಶ್ನೆಗೆ ನೀನು ತಯಾರಾಗಿರಬೇಕು. ಮನೆ ಹೋಯಿತು, ಮಾತ್ರೆಗೆ ದುಡ್ಡಿಲ್ಲ ಅನ್ನುವುದಕ್ಕಿಂತ ಮಕ್ಕಳನ್ನು ಕೋರ್ಟಿಗೆ ಎಳೆದೆನಲ್ಲ ಅನ್ನುವ ಸಂಕಟವೇ ಅವರಿಗೆ ದೊಡ್ಡದು. 2007ರ ಹಿರಿಯ ನಾಗರಿಕರ ಕಾಯ್ದೆಯ ಅರ್ಜಿ ಹೋಗುವುದು ಪೊಲೀಸ್ ಠಾಣೆಗಲ್ಲ, ನ್ಯಾಯಮಂಡಳಿಗೆ ಅಂತ ಬಿಡಿಸಿ ಹೇಳು. ಅಲ್ಲಿ ಮೊದಲು ಸಂಧಾನಕ್ಕೂ ಕಳಿಸಬಹುದು, ರಾಜಿಯಲ್ಲೇ ಮುಗಿಯಲೂಬಹುದು. ಮಕ್ಕಳಿಗೆ ನೋಟಿಸ್ ಮುಟ್ಟಿದ 90 ದಿನದೊಳಗೆ, ಅವರು ಕೊಡಬೇಕಾದ ಜೀವನಾಂಶದ ತೀರ್ಮಾನ ಆಗಬೇಕು, ಹೆಚ್ಚೆಂದರೆ ಇನ್ನೂ 30 ದಿನ. ಆದೇಶ ಆದ ಮೇಲೂ ಕಾರಣವಿಲ್ಲದೆ ಕೊಡದೇ ಹೋದರೆ ವಾರಂಟ್ ಬರಬಹುದು, ಜೈಲೂ ಆಗಬಹುದು. ಅದನ್ನು ಮುಚ್ಚಿಡಬೇಡ. ಧೈರ್ಯ ತುಂಬಲು ಹೋಗಿ ಸುಳ್ಳು ಹೇಳಿದರೆ ಅವರು ಇನ್ನು ಯಾರನ್ನೂ ನಂಬುವುದಿಲ್ಲ.

ದಾನಪತ್ರದ ವಿಷಯ ಸ್ವಲ್ಪ ಸೂಕ್ಷ್ಮ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಅದೇ 2007ರ ಕಾಯ್ದೆಯ 23ನೇ ಕಲಮಿನಲ್ಲಿ ರದ್ದು ಮಾಡಿಸಬಹುದು. ಆ ಷರತ್ತು ಇತ್ತು ಅಂತ ತೋರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತ 2025ರ ಜನವರಿಯಲ್ಲಿ ಅದೇ ಕೋರ್ಟ್ ಹೇಳಿದೆ. ಹಾಗಂತ ಅದನ್ನೇ ನಂಬಿ ಕೂರಬೇಡ. ಸಹಿ ಹಾಕುವ ಮೊದಲೇ ನಿನ್ನ ಹತ್ತಿರ ಬಂದವರಿಗೆ, ಷರತ್ತನ್ನು ಪತ್ರದಲ್ಲೇ ಬರೆಸಿ ಅಂತ ಹೇಳು. ಆ ಒಂದು ಸಾಲು ಇಲ್ಲದೆ ಒದ್ದಾಡಿದವರನ್ನು ನಾನು ಬಹಳ ನೋಡಿದ್ದೇನೆ.

ಇನ್ನೊಂದು. 'ಬಿಟ್ಟಿ ವಕೀಲರು ಸರಿಯಾಗಿ ವಾದ ಮಾಡ್ತಾರಾ?' ಅಂತ ಕೇಳುತ್ತಾರೆ. ಕೆಲವರು ಸೆರಗಿನ ಗಂಟು ಬಿಚ್ಚಿ ಮಡಚಿದ ನೋಟು ಮುಂದೆ ಹಿಡಿಯುತ್ತಾರೆ. ಇದು ಯಾರ ದಯೆಯೂ ಅಲ್ಲ, ಸಂವಿಧಾನದ 39ಎ ವಿಧಿಯಲ್ಲೇ ಇರುವ ಮಾತು ಅಂತ ಹೇಳಿ ಆ ನೋಟನ್ನು ಅವರ ಕೈಗೇ ವಾಪಸ್ ಇಡು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಉಚಿತ ನೆರವಿಗೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಇಲ್ಲ. ಉಳಿದ ಅಜ್ಜಂದಿರಿಗೆ ಆದಾಯ ಪ್ರಮಾಣಪತ್ರ ಬೇಕಾಗಬಹುದು. ಅದಕ್ಕೆ ಅವರನ್ನೇ ಕಚೇರಿಯಿಂದ ಕಚೇರಿಗೆ ಅಲೆಸಬೇಡ, ನಮ್ಮಂಥ ಸ್ವಯಂಸೇವಕರಿಗೆ ಹೇಳು.

ಮೊಬೈಲಿಗೆ ಲಿಂಕ್ ಕಳಿಸಿ ಕೆಲಸ ಆಯಿತು ಅಂದುಕೊಳ್ಳಬೇಡ. ಕಂಪ್ಯೂಟರ್ ನೋಡುತ್ತಾ ಮಾತಾಡಬೇಡ. ಕಿವಿ ಮಂದವಾದವರು ನಿನ್ನ ತುಟಿ ನೋಡಿಯೇ ಅರ್ಧ ಅರ್ಥ ಮಾಡಿಕೊಳ್ಳುತ್ತಾರೆ. ಅರ್ಜಿಯನ್ನು ಪೂರ್ತಿ ಓದಿ ಹೇಳಿದ ಮೇಲೇ ಹೆಬ್ಬೆಟ್ಟು ಒತ್ತಿಸಿಕೋ. ಆ ಅಜ್ಜಿಗೆ ಒಮ್ಮೆ ಆಗಿರುವ ಅನ್ಯಾಯ ನಮ್ಮ ಕೈಯಿಂದ ಇನ್ನೊಮ್ಮೆ ಆಗಬಾರದು. ಓಡಾಡಲು ಆಗದವರಿಗೆ 15100 ನಂಬರ್ ಬರೆದುಕೊಡು, ಕಾನೂನು ನೆರವಿಗೆ ಅದು. ಹಿರಿಯರಿಗೆಂದೇ ಇರುವ ಸಹಾಯವಾಣಿ 14567. ದಪ್ಪ ಅಕ್ಷರದಲ್ಲಿ ಬರೆ. ಅಜ್ಜಿಯ ಕವರಿನ ಮೇಲೆ ಮಾರ್ಕರಿನಲ್ಲಿ ನಾನೂ ಹಾಗೇ ಬರೆದುಕೊಟ್ಟೆ.

ಮೂರು ವಾರ ಕಳೆದು ಅವರು ಒಬ್ಬರೇ ಬಂದರು, ಅದೇ ಕವರ್ ಹಿಡಿದು. ಅರ್ಜಿ ಹಾಕುವ ಮಾತು ಎತ್ತಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ದಾನಪತ್ರವನ್ನು ಮೊದಲಿಂದ ಕೊನೆವರೆಗೆ ಓದಿಸಿಕೊಂಡರು. ಎರಡು ಕಡೆ ನಿಲ್ಲಿಸಿ, 'ಅದನ್ನು ಇನ್ನೊಂದ್ಸಲ ಓದಮ್ಮ' ಎಂದರು. ಮಂಗಳವಾರ ಮತ್ತೆ ಬರುತ್ತೇನೆ ಅಂದಿದ್ದಾರೆ. ಅವತ್ತು ನಿನಗೆ ಬಿಡುವಿದ್ದರೆ ಬಾ. ಅವರು ಒಪ್ಪಿದರೆ ನೀನೂ ಜೊತೆಗೆ ಕೂತುಕೊಳ್ಳಬಹುದು.

ನಿನ್ನ ಅಮ್ಮ