ಗೆಳೆಯನಿಗೊಂದು ಪತ್ರ: ಮಾತಾಡುವ ಮೊಲ, ಮಾತಾಡದ ಅಪ್ಪ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜಿಗೆ ಅಲ್ಲೇ ಎರಡು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಈಚೆಗೆ ಇನ್ನೂ ಕೆಲವರು ಕೇಳಿದರು. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಹೆದರಬೇಡ, ಬಕೆಟ್ಟಿನ ವಿಷಯ ಎತ್ತುವುದಿಲ್ಲ. ಪ್ರಿನ್ಸಿಪಾಲರ ಛತ್ರಿಯದ್ದೂ ಇಲ್ಲ.

ಮಗನಿಗೆ ಒಂದು ವರ್ಷ ತುಂಬುತ್ತದೆ, ಬುದ್ಧಿ ಚುರುಕಾಗುವಂಥ, ಮಾತು ಬೇಗ ಬರುವಂಥ ಆಟಿಕೆ ಯಾವುದಾದರೂ ಇದ್ದರೆ ಹೇಳು ಅಂದಿದ್ದೀಯ. ಜೊತೆಗೆ ಕಳಿಸಿದ ಲಿಂಕುಗಳನ್ನೂ ನೋಡಿದೆ. ಒಂದೂ ಬಿಡದೆ ಎಲ್ಲ ಡಬ್ಬದ ಮೇಲೂ ಭಾಷೆ ಬೆಳೆಯುತ್ತದೆ, ಮೆದುಳು ಬೆಳೆಯುತ್ತದೆ ಅಂತ ಬರೆದಿದೆ. ಎಲ್ಲವೂ ಮಾತಾಡುತ್ತವೆ, ಹಾಡುತ್ತವೆ, ಮಿಣಿಮಿಣಿ ಅನ್ನುತ್ತವೆ. ಎಲ್ಲಕ್ಕೂ ಬ್ಯಾಟರಿ ಬೇಕು.

ನನ್ನ ಉತ್ತರ ಚಿಕ್ಕದು. ಬಾಯಿ ಮುಚ್ಚಿಕೊಂಡಿರುವ ಆಟಿಕೆ ತಗೋ. ಅದು ಸುಮ್ಮನಿದ್ದರೆ ಮನೆಯಲ್ಲಿ ಬೇರೆ ಯಾರಾದರೂ ಮಾತಾಡಲೇಬೇಕಾಗುತ್ತದೆ.

ನಿನಗೆ ಪುರಾವೆ ಬೇಕು, ಗೊತ್ತು. ಅಮೆರಿಕದಲ್ಲಿ ಅನ್ನಾ ಸೋಸಾ ಅಂತ ಒಬ್ಬ ಸಂಶೋಧಕಿ ಇದನ್ನೇ ಅಳೆದು ನೋಡಿದ್ದಾರೆ, 2016ರ ಜಾಮಾ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿದೆ. 10ರಿಂದ 16 ತಿಂಗಳ 26 ಮಕ್ಕಳು, ಅಂದರೆ ನಿನ್ನ ಮಗನ ವಯಸ್ಸಿನವರೇ, ಜೊತೆಗೆ ಅವರ ಅಪ್ಪ ಅಥವಾ ಅಮ್ಮ. ಮನೆಗೆ ಮೂರು ಥರದ ಸಾಮಾನು ಕೊಟ್ಟರು: ಒತ್ತಿದರೆ ಮಾತಾಡುವ ಮಕ್ಕಳ ಲ್ಯಾಪ್‌ಟಾಪು, ಫೋನು ಇಂಥವು ಒಂದು ಕಡೆ, ಮರದ ಪಜಲ್, ಬ್ಲಾಕು, ಆಕಾರ ತೂರಿಸುವ ಡಬ್ಬ ಇನ್ನೊಂದು ಕಡೆ, ಆಮೇಲೆ ರಟ್ಟಿನ ಹಾಳೆಯ ಚಿತ್ರಪುಸ್ತಕ. ಆಡುವಾಗಿನ ಮಾತನ್ನೆಲ್ಲ ರೆಕಾರ್ಡ್ ಮಾಡಿ ಎಣಿಸಿದರು. ಪುಸ್ತಕ ಹಿಡಿದಾಗ ದೊಡ್ಡವರು ನಿಮಿಷಕ್ಕೆ ಸುಮಾರು 67 ಪದ ಆಡಿದ್ದರು. ಪಜಲ್, ಬ್ಲಾಕು ಇದ್ದಾಗ 56. ಮಾತಾಡುವ ಆಟಿಕೆ ಇದ್ದಾಗ 40. ಪುಸ್ತಕದ ಹೊತ್ತಿಗೆ ಹೋಲಿಸಿದರೆ ಮಕ್ಕಳ ದನಿಯೂ ಕಡಿಮೆಯೇ. ಆ ಅಪ್ಪ ಅಮ್ಮಂದಿರು ಸೋಮಾರಿಗಳು ಅಂತ ನನಗನ್ನಿಸುವುದಿಲ್ಲ. ಯಾರೋ ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಬಾರದು ಅನ್ನುವ ಮರ್ಯಾದೆ ಇರಬೇಕು, ಪಾಪ.

ನಮ್ಮನೆಯಲ್ಲಿ ಆಕಾರ ತೂರಿಸುವ ಡಬ್ಬ ಎರಡಿವೆ. ಒಂದು ಮರದ್ದು, ಒಂದು ಬ್ಯಾಟರಿಯದ್ದು. ಮರದ್ದರ ಮುಂದೆ ಮಗಳು ಕೂತಾಗ ಏನಾಗುತ್ತದೆ ಅಂದರೆ, ತ್ರಿಕೋನ ಎತ್ತಿಕೊಂಡು ದುಂಡನೆ ತೂತಿನ ಮೇಲೆ ಇಡುತ್ತಾಳೆ. ಒತ್ತುತ್ತಾಳೆ. ಹೋಗುವುದಿಲ್ಲ. ಅಂಗೈಯಿಂದ ಗುದ್ದುತ್ತಾಳೆ. ಆಮೇಲೆ ತ್ರಿಕೋನವನ್ನು ಕೈಯಲ್ಲೇ ಹಿಡಿದುಕೊಂಡು ತಲೆ ಎತ್ತಿ ನನ್ನ ಮುಖ ನೋಡುತ್ತಾಳೆ. ಆ ಡಬ್ಬ ತಂದಿದ್ದಕ್ಕೆ ಸಾರ್ಥಕವಾಗುವುದು ಆ ನೋಟದಿಂದ ಕಣೋ. ಯಾಕೆಂದರೆ ಆಗ ನಾನು ಏನಾದರೂ ಹೇಳಲೇಬೇಕು. 'ಮೂಲೆ ಇದೆ ನೋಡು, ಈ ಕಡೆ ತಿರುಗಿಸು, ಇನ್ನೊಂಚೂರು, ಹಾಂ, ಒಳಗೆ ಹೋಯ್ತು.' ಬ್ಯಾಟರಿಯದ್ದು ಬೇರೆ ಕಥೆ. ಅದು ಆಕಾರದ ಹೆಸರನ್ನು ತಾನೇ ಕೂಗುತ್ತದೆ, ಹಾಡುತ್ತದೆ, ಅಲುಗಾಡಿಸಿದರೂ ಶಭಾಷ್ ಅನ್ನುತ್ತದೆ. ಅವಳ ಕಣ್ಣು ದೀಪದ ಮೇಲೆ. ನನ್ನ ಕಣ್ಣು ಫೋನಿನ ಮೇಲೆ. ಇದನ್ನೂ ಪರೀಕ್ಷೆ ಮಾಡಿದವರಿದ್ದಾರೆ, 2015ರಲ್ಲಿ. ಎಲೆಕ್ಟ್ರಾನಿಕ್ ಡಬ್ಬ ಇದ್ದಾಗ ಒಳಗೆ, ಪಕ್ಕ, ಮೂಲೆ ಥರದ ಮಾತುಗಳು ದೊಡ್ಡವರ ಬಾಯಲ್ಲಿ ಕಡಿಮೆಯಾಗಿದ್ದವು. ಜಾಗ, ಆಕಾರ ಕಲಿಸುವುದಕ್ಕೇ ಮಾಡಿದ ಆಟಿಕೆ ಆ ಮಾತುಗಳನ್ನೇ ನುಂಗಿ ಹಾಕಿತ್ತು.

ಸರಿ, ತರುವುದೇನು? ಒಂದರೊಳಗೊಂದು ಕೂರುವ ಬಟ್ಟಲುಗಳು. ಚೆಂಡು. ದೊಡ್ಡ ಬ್ಲಾಕುಗಳು. ಒಂದು ಬಟ್ಟೆ ಗೊಂಬೆ, ಮುಖ ಇದ್ದರೆ ಸಾಕು. ದಿನಾ ಕಣ್ಣಿಗೆ ಬೀಳುವ ವಸ್ತುಗಳ ಚಿತ್ರ ಇರುವ ರಟ್ಟಿನ ಪುಸ್ತಕ. ಅದನ್ನು ಮೊದಲು ತಿನ್ನುತ್ತಾನೆ, ಓದುವುದು ಆಮೇಲೆ. ಇವನ್ನು ಹೇಗೆ ಆಡಬೇಕು ಅಂತ ಯಾರೂ ಬರೆದಿಲ್ಲ, ಅದೇ ಇವುಗಳ ಗುಣ. ಬಟ್ಟಲು ಇವತ್ತು ಬಟ್ಟಲು, ನಾಳೆ ಟೋಪಿ.

ಒಂದು ವರ್ಷದಿಂದ ಎರಡರ ನಡುವೆ ಒಂದು ವಿಷಯ ಗಮನಿಸು, ತಪ್ಪಿಸಿಕೊಳ್ಳಬೇಡ. ಮೊದಲು ಖಾಲಿ ಬಟ್ಟಲನ್ನು ತನ್ನ ಬಾಯಿಗೆ ಹಿಡಿದು ಕುಡಿದ ಹಾಗೆ ಮಾಡುತ್ತಾನೆ. ಆಮೇಲೆ ಗೊಂಬೆಗೆ ಕುಡಿಸುತ್ತಾನೆ. ಇನ್ನೂ ಆಮೇಲೆ, ಎರಡು ವರ್ಷದ ಆಸುಪಾಸಿನಲ್ಲಿ, ಒಂದು ಬ್ಲಾಕು ಎತ್ತಿ ಕಿವಿಗಿಟ್ಟುಕೊಂಡು ಹಲೋ ಅನ್ನುತ್ತಾನೆ. ಬ್ಲಾಕು ಫೋನಲ್ಲ ಅಂತ ಅವನಿಗೂ ಗೊತ್ತು. ಆದರೂ ಇಲ್ಲದ ಫೋನಿನ ಜಾಗದಲ್ಲಿ ಅದನ್ನು ನಿಲ್ಲಿಸುತ್ತಾನೆ. ಇಲ್ಲದ ವಸ್ತುವಿನ ಜಾಗದಲ್ಲಿ ಒಂದು ಸದ್ದನ್ನು ನಿಲ್ಲಿಸಿದರೆ ಮಾತು. ಎರಡೂ ಒಂದೇ ಹೊತ್ತಿಗೆ ಅರಳುವುದು ಅದಕ್ಕೇ ಇರಬೇಕು. ಫೋನಿನ ಹಾಗೆಯೇ ಕಾಣುವ, ತಾನೇ ಹಲೋ ಅನ್ನುವ ಆಟಿಕೆ ಕೊಟ್ಟರೆ ಅವನಿಗೆ ಉಳಿಯುವ ಕೆಲಸ ಏನು ಹೇಳು?

ಎಲ್ಲವನ್ನೂ ಒಟ್ಟಿಗೆ ಸುರಿಯಬೇಡ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಮಕ್ಕಳನ್ನು ಒಮ್ಮೆ 4 ಆಟಿಕೆ ಇರುವ ಕೋಣೆಯಲ್ಲಿ, ಒಮ್ಮೆ 16 ಇರುವ ಕೋಣೆಯಲ್ಲಿ ಬಿಟ್ಟು ನೋಡಿದ್ದರು. ನಾಲ್ಕೇ ಇದ್ದಾಗ ಒಂದೊಂದರ ಜೊತೆ ಜಾಸ್ತಿ ಹೊತ್ತು, ಜಾಸ್ತಿ ಥರ ಆಡಿದರು. ಮಿಕ್ಕಿದ್ದನ್ನು ಕಪಾಟಿಗೆ ಹಾಕು, ಆಗಾಗ ಬದಲಾಯಿಸು. ಇನ್ನು ಸುರಕ್ಷತೆ. ಸುಮಾರು 3 ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿದುಬಿಡುವ ಯಾವ ವಸ್ತುವೂ ಮೂರು ವರ್ಷದೊಳಗಿನವರ ಕೈಗೆ ಬೇಡ. ಗುಂಡಿಯಂಥ ಬ್ಯಾಟರಿ ಇದ್ದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅದನ್ನು ಸುಡಬಹುದು, ತಮಾಷೆಯಲ್ಲ. ಬಿಡಿ ಆಯಸ್ಕಾಂತಗಳೂ ಬೇಡ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರ ಡಿಸೆಂಬರಿನಲ್ಲಿ ಆಟಿಕೆಗಳ ಬಗ್ಗೆ ಒಂದು ವರದಿ ಕೊಟ್ಟಿತು. ಡಬ್ಬದ ಮೇಲಿನ ದೊಡ್ಡ ಮಾತುಗಳಿಗೆ ಬಹುಪಾಲು ಆಧಾರವಿಲ್ಲ, ದುಬಾರಿ ಆಟಿಕೆ ಬೇಕಿಲ್ಲ, ಮಗು ಮತ್ತು ದೊಡ್ಡವರು ಒಟ್ಟಿಗೆ ಕೂತು ಆಡುವಂತೆ ಮಾಡುವುದೇ ಒಳ್ಳೆಯ ಆಟಿಕೆ, ಇದು ಅದರ ಸಾರ. ಓದಿ ಖುಷಿಯಾಯಿತು. ಆಮೇಲೆ ಸ್ವಲ್ಪ ಕಸಿವಿಸಿಯಾಯಿತು.

ಯಾಕೆ ಅಂದರೆ, ಒಟ್ಟಿಗೆ ಕೂತು ಆಡುವ ಆ ದೊಡ್ಡವರಲ್ಲಿ ನಾನೂ ಒಬ್ಬ. ನನ್ನ ಬಗ್ಗೆ ನಿನಗೆ ಗೊತ್ತಲ್ಲ. ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದೆವು, ನಾನು ಆಡಿದ ಮಾತನ್ನೆಲ್ಲ ಸೇರಿಸಿದರೆ ನಿನ್ನ ಒಂದು ಸಂಜೆಗೆ ಸಮ ಆಗಬಹುದು. ಮಕ್ಕಳ ಜೊತೆ ರಾಗ ಎಳೆದು, ದನಿ ಏರಿಸಿ ಇಳಿಸಿ ಮಾತಾಡಬೇಕು, ಮಕ್ಕಳು ಅದಕ್ಕೇ ಕಿವಿ ಕೊಡುವುದು. ಇದು ಓದಿ ಗೊತ್ತು. ಮಾಡುತ್ತೇನೆ ಕೂಡ, ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ. ಹೆಂಡತಿ ಬಾಗಿಲ ಹತ್ತಿರ ಬಂದಳು ಅಂದರೆ ಮುಗಿಯಿತು, ದನಿ ತಟ್ಟನೆ ಆಫೀಸಿನ ದನಿ ಆಗುತ್ತದೆ. 'ಟಗರು ಎಲ್ಲೀ... ಟಗರು ಎಲ್ಲೀ...' ಅಂತಿದ್ದವನು ಗಂಟಲು ಸರಿ ಮಾಡಿಕೊಂಡು 'ಹಾಂ, ಇದು ಟಗರು' ಅನ್ನುತ್ತೇನೆ. ಮಗಳು ನನ್ನನ್ನು ಯಾರೋ ಹೊಸಬರು ಬಂದರು ಅನ್ನುವ ಹಾಗೆ ನೋಡುತ್ತಾಳೆ.

ಅವಳಿಗೆ ಎರಡು ವರ್ಷ ಆಗುತ್ತಾ ಬಂತು. ಆ ಹೊತ್ತಿಗೆ 50 ಪದ ಇರಬೇಕು, ಎರಡೆರಡು ಪದ ಜೋಡಿಸಬೇಕು ಅನ್ನುತ್ತಾರೆ. ಅವಳ ಹತ್ತಿರ ಅಷ್ಟಿಲ್ಲ. ಡಾಕ್ಟರು ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂದರು (ಮಾತು ತಡ ಅನ್ನಿಸಿದವರು ಯಾರೇ ಆಗಲಿ ಮೊದಲು ಅದನ್ನು ಮಾಡಿಸಿ). ಕಿವಿ ಚೆನ್ನಾಗಿದೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಚಪ್ಪಲಿ ತಾ ಅಂದರೆ ತರುತ್ತಾಳೆ. ನೋಡೋಣ, ಸ್ವಲ್ಪ ದಿನ ಬಿಟ್ಟು ಬನ್ನಿ ಅಂದಿದ್ದಾರೆ. ಆ ಸ್ವಲ್ಪ ದಿನದೊಳಗೆ ನಾನಿದ್ದೇನೆ ಈಗ.

ಒಂದು ಮೊಲ ಇದೆ ಅವಳ ಹತ್ತಿರ. ಹೊಟ್ಟೆ ಒತ್ತಿದರೆ ಮಾತಾಡುತ್ತದೆ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾನೇ 'ಬೈ ಬೈ, ಮತ್ತೆ ಆಡೋಣ' ಅಂತ ಹೇಳಿ ಆಫ್ ಆಗುತ್ತದೆ. ಮೊನ್ನೆ ಅದು ಸೋಫಾದ ಕೆಳಗಿಂದ ಬೈ ಅಂದಿತು. ಇವಳು ಆಡುತ್ತಿದ್ದುದನ್ನು ಬಿಟ್ಟು, ಬಗ್ಗಿ, ಸೋಫಾದ ಕೆಳಗೆ ಕೈ ಬೀಸಿ, ಸ್ಪಷ್ಟವಾಗಿ 'ಬೈ' ಅಂದಳು. ಎಷ್ಟು ಚೆನ್ನಾಗಿ ಹೇಳಿದಳು ಗೊತ್ತಾ. ನಾನು ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು ಕಾಯುತ್ತೇನೆ, ನನಗೆ ಇವತ್ತಿನವರೆಗೂ ಹೇಳಿಲ್ಲ. ಹೊಟ್ಟೆಯಲ್ಲಿ ಏನೋ ಆಯಿತು ಮಾರಾಯ. ಬಟ್ಟೆ ತುಂಬಿದ ಮೊಲದ ಮೇಲೆ ಹೊಟ್ಟೆಕಿಚ್ಚು ಅಂದರೆ ನಗುತ್ತೀಯ, ನಗು. ಆದರೆ ಅದಕ್ಕಿಂತ ಕೆಳಗೆ ಇನ್ನೊಂದಿತ್ತು. ಆ ಮೊಲ ಮಾತಾಡುವಾಗ ನನಗೆ ಹಾಯೆನಿಸುತ್ತದೆ. ಮನೆಯಲ್ಲಿ ಯಾರೋ ಒಬ್ಬರು ಅವಳ ಜೊತೆ ಮಾತಾಡುತ್ತಿದ್ದಾರಲ್ಲ, ನಾನು ಸ್ವಲ್ಪ ಹೊತ್ತು ನಾನಾಗಿ ಇರಬಹುದಲ್ಲ ಅಂತ. ಇಷ್ಟೆಲ್ಲ ಓದಿ ಗುಡ್ಡೆ ಹಾಕಿದ್ದು ಕೂಡ ನೆಲದ ಮೇಲೆ ಕೂರುವ ಹೊತ್ತನ್ನು ಮುಂದೂಡುವುದಕ್ಕೇನೋ ಅಂತ ಒಮ್ಮೊಮ್ಮೆ ಅನುಮಾನ ಬರುತ್ತದೆ. ಇದನ್ನು ಹೆಂಡತಿಗೂ ಹೇಳಿಲ್ಲ. ಈಗ ಊರಿಗೆಲ್ಲ ಹೇಳಿದಂತಾಯಿತು. ನೀವ್ಯಾರೂ ಅವಳಿಗೆ ಈ ಪತ್ರ ಕಳಿಸಬೇಡಿ ದಯವಿಟ್ಟು.

ಮೊಲ ನನ್ನ ಬದಲು ಕೆಲಸ ಮಾಡುವುದಿಲ್ಲ ಅನ್ನುವುದೂ ಗೊತ್ತು, ಅದೇ ಕಷ್ಟ. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತವರ ತಂಡ ಒಂಬತ್ತು ತಿಂಗಳ ಅಮೆರಿಕದ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತಾ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಸದ್ದುಗಳನ್ನು ಬೇರ್ಪಡಿಸಿ ಗುರುತಿಸಲು ಕಲಿತವು. ಅಂಥದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಏನೂ ಇಲ್ಲ, ಬರೀ ದನಿ ಕೇಳಿಸಿದಾಗಲೂ ಇಲ್ಲ. ಮನುಷ್ಯರೇ ಬೇಕಂತೆ. ಸರಿ. ನನ್ನಂಥ ಮನುಷ್ಯ ಆಗುತ್ತಾ ಅಂತ ಯಾರೂ ಬರೆದಿಲ್ಲ.

ಸ್ವಲ್ಪ ಸಮಾಧಾನ ಸಿಕ್ಕಿದ್ದು ಇನ್ನೊಂದು ಕಡೆ. 2018ರಲ್ಲಿ ರೇಚಲ್ ರೋಮಿಯೋ ಮತ್ತವರ ಜೊತೆಗಾರರು ನಾಲ್ಕರಿಂದ ಆರು ವರ್ಷದ ಮಕ್ಕಳ ಮನೆಮಾತನ್ನು ರೆಕಾರ್ಡ್ ಮಾಡಿ, ಅವರ ಮೆದುಳನ್ನೂ ಸ್ಕ್ಯಾನ್ ಮಾಡಿ ನೋಡಿದರು. ಮಾತು ಎಷ್ಟು ಸುರಿಯಿತು ಅನ್ನುವುದಕ್ಕಿಂತ, ನೀನೊಂದು ನಾನೊಂದು ಅಂತ ಎಷ್ಟು ಸಲ ಅತ್ತಿತ್ತ ಹೋಗಿ ಬಂತು ಅನ್ನುವುದಕ್ಕೆ ಮೆದುಳಿನ ಮಾತಿನ ಭಾಗದ ಚಟುವಟಿಕೆಯ ಜೊತೆ ಹೆಚ್ಚು ನಂಟು ಕಂಡಿತು. ನಮ್ಮವಳಿಗಿಂತ ದೊಡ್ಡ ಮಕ್ಕಳು, ಸರಿ, ಆದರೂ ನಾನು ಇದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಅತ್ತಿತ್ತ ಹೋಗಬೇಕಾದರೆ ಒಬ್ಬರು ಸುಮ್ಮನಿರಬೇಕಲ್ವಾ? ಸುಮ್ಮನಿರುವುದು ನನಗೆ ಬರುತ್ತದೆ. ಅದೊಂದರಲ್ಲಿ ನಾನು ಎಕ್ಸ್‌ಪರ್ಟು.

ಈಗ ಮಾಡುವುದು ಇಷ್ಟೇ. ಪುಸ್ತಕ ತೆರೆದು ನಾಯಿಯ ಚಿತ್ರದ ಮೇಲೆ ಬೆರಳಿಟ್ಟು ಕಾಯುತ್ತೇನೆ. ಅವಳು ಚಿತ್ರ ನೋಡುತ್ತಾಳೆ, ನನ್ನ ಬೆರಳು ನೋಡುತ್ತಾಳೆ, ನನ್ನ ಬೆರಳನ್ನು ಎತ್ತಿ ಪಕ್ಕಕ್ಕಿಟ್ಟು ಅಲ್ಲಿ ತನ್ನ ಬೆರಳಿಡುತ್ತಾಳೆ. ತುಟಿ ಸೇರಿಸುತ್ತಾಳೆ. ನಾನು ಹೇಳಿಕೊಡದೆ ಇರುವುದಕ್ಕೆ ಹಲ್ಲು ಕಚ್ಚಬೇಕಾಗುತ್ತದೆ. 'ಬೌ.' 'ಹೂಂ, ಬೌ ಬೌ, ಮಲಗಿದೆ.' 'ಮಗಿ.' ಮೂರು ಪಾಳಿ ಆಯಿತು ನೋಡು. ಮೊಲಕ್ಕೆ ಹೀಗೆ ಕಾಯುವುದಕ್ಕೆ ಬರುವುದಿಲ್ಲ, ಆಫ್ ಆಗುತ್ತದೆ.

ಇಷ್ಟು ಸಾಕು, ಅತಿಯಾಯಿತು. ನಿನ್ನ ಮಗನ ವಿಷಯಕ್ಕೆ ಬರೋಣ. ಅವನಿಗೆ ನನ್ನ ಮಗಳ ತೊಂದರೆ ಇಲ್ಲ, ಉಲ್ಟಾ ತೊಂದರೆ. ಅಪ್ಪ ನೀನಾದ ಮೇಲೆ ಅವನಿಗೆ ಬಾಯಿ ತೆರೆಯಲು ಜಾಗ ಎಲ್ಲಿ ಸಿಗುತ್ತದೆ? ಯಾವ ಆಟಿಕೆಯನ್ನಾದರೂ ತಗೋ, ಆದರೆ ಒಂದು ಮಾತು ಹೇಳಿದ ಮೇಲೆ ಸುಮ್ಮನೆ ಐದರವರೆಗೆ ಎಣಿಸು. ಮನಸ್ಸಿನಲ್ಲಿ ಎಣಿಸು, ಗಟ್ಟಿಯಾಗಿ ಅಲ್ಲ. ನಿನ್ನಿಂದ ಆಗುವುದಿಲ್ಲ ಅಂತ ಗೊತ್ತು, ಆದರೂ ಹೇಳುವುದು ನನ್ನ ಧರ್ಮ.

ಹುಟ್ಟುಹಬ್ಬಕ್ಕೆ ನನ್ನ ಕಡೆಯಿಂದ ಬ್ಲಾಕು ಬರುತ್ತದೆ. ಮೊಲವನ್ನೂ ಕಳಿಸೋಣ ಅಂತಿದ್ದೆ, ಮಗಳು ಬಿಡುವುದಿಲ್ಲ. ಡ್ರಮ್ ಕೊಡುವಷ್ಟು ಕೋಪ ನಿನ್ನ ಮೇಲೆ ಇನ್ನೂ ಉಳಿದಿದೆ, ಕಾರಣ ನಿನಗೆ ಗೊತ್ತು, ಛತ್ರಿ.

ಉತ್ತರ ಬರೆ. ವಾಯ್ಸ್ ಮೆಸೇಜು ಬೇಡ, ಹಿಂದಿನದ್ದನ್ನೇ ಇನ್ನೂ ಪೂರ್ತಿ ಕೇಳಿಲ್ಲ.

ನಿನ್ನ,
ಮೂಗಪ್ಪ