ಪರಾಗದ ಪೂರಕ ಆಹಾರ: ಕೊಡುವ ಮೊದಲು ಎರಿ ನೋಡಿ

ಮಾನ್ಯ ಸಂಪಾದಕರೇ,

ಜೇನು ಕುಟುಂಬಗಳಿಗೆ ಪರಾಗದ ಪೂರಕ ಆಹಾರವನ್ನು, ಅಂದರೆ ಪರಾಗದ ಕೊರತೆ ತುಂಬಲು ಪೆಟ್ಟಿಗೆಯೊಳಗೆ ಇಡುವ ಪರಾಗವನ್ನೋ ಅದರ ಬದಲಿಗೆ ಸೋಯಾ ಹಿಟ್ಟು, ಹಾಲಿನ ಪುಡಿಯಂಥವುಗಳಿಂದ ಮಾಡಿದ ಉಂಡೆಯನ್ನೋ, ವರ್ಷವಿಡೀ ತಪ್ಪದೆ ಕೊಡಬೇಕೆಂಬ ಸಲಹೆ ಈಚೆಗೆ ನಿಮ್ಮ ಕೃಷಿ ಪುಟದಲ್ಲಿ ಬಂದಿತ್ತು. ಬರೆದವರಿಗೆ ಜೇನುನೊಣಗಳ ಮೇಲಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಪರಾಗವಿಲ್ಲದೆ ಸೊರಗಿದ ಕುಟುಂಬಕ್ಕೂ, ಎರಿಯ (ನೊಣಗಳು ಕಟ್ಟುವ ಮೇಣದ ಕಣಗಳ ಹಲ್ಲೆಯ) ತುಂಬ ಪರಾಗ ಕೂಡಿಟ್ಟುಕೊಂಡ ಕುಟುಂಬಕ್ಕೂ ಒಂದೇ ಕ್ರಮ ಹೇಳಿದರೆ ಹೊಸದಾಗಿ ಜೇನು ಸಾಕುವವರು ದಾರಿ ತಪ್ಪುತ್ತಾರೆ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಕರಂದವಾಗಲಿ ಸಕ್ಕರೆ ಪಾಕವಾಗಲಿ ನೊಣಕ್ಕೆ ಹಾರುವ ಶಕ್ತಿ ಕೊಡುತ್ತದೆಯೇ ಹೊರತು ಅದರ ಮೈ ಕಟ್ಟುವುದಿಲ್ಲ. ಪ್ರೋಟೀನು, ಕೊಬ್ಬು, ವಿಟಮಿನ್ನುಗಳು ಪರಾಗದಿಂದಲೇ ಬರಬೇಕು. ಎಳೆಯ ದಾದಿ ನೊಣಗಳು ಪರಾಗ ತಿಂದು, ತಲೆಯಲ್ಲಿರುವ ಗ್ರಂಥಿಗಳಿಂದ ಹಾಲಿನಂಥ ರಸ ಸ್ರವಿಸಿ ಮರಿಹುಳುಗಳನ್ನೂ ರಾಣಿಯನ್ನೂ ಸಾಕುತ್ತವೆ. ನೊಣಕ್ಕೆ ಆಹಾರದಿಂದಲೇ ಸಿಗಬೇಕಾದ ಅಮೈನೊ ಆಮ್ಲಗಳು 10 ಎಂಬುದು 1953ರಲ್ಲೇ ಗೊತ್ತಾಗಿದೆ. ಅವುಗಳಲ್ಲಿ ಒಂದು ಕೊರತೆಯಾದರೂ ಉಳಿದವು ಧಾರಾಳವಾಗಿದ್ದೂ ಹೆಚ್ಚು ಪ್ರಯೋಜನವಿಲ್ಲ. ಆದ್ದರಿಂದಲೇ ಒಂದೇ ಬೆಳೆಯ ನಡುವೆ ಇಟ್ಟ ಪೆಟ್ಟಿಗೆಗೆ ದಿನವೂ ಪರಾಗ ಬರುತ್ತಿದ್ದರೂ ಕುಟುಂಬ ಬಡವಾಗಬಹುದು. ಮೆಕ್ಕೆಜೋಳದ ಪರಾಗ ಹೇರಳವಾಗಿ ಸಿಗುತ್ತದೆ, ಆದರೆ ಪೋಷಣೆಯ ದೃಷ್ಟಿಯಿಂದ ಅದು ಸಪ್ಪೆ.

ಪೂರಕ ಆಹಾರದಿಂದ ಲಾಭವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೆನಡಾದಲ್ಲಿ 2002ರಿಂದ 2004ರವರೆಗೆ ನಡೆದ ಅಧ್ಯಯನವೊಂದರಲ್ಲಿ, ವಸಂತದಲ್ಲಿ ಪರಾಗ ಅಥವಾ ಬದಲಿ ಆಹಾರ ಪಡೆದ ಕುಟುಂಬಗಳು ಮೂರೂ ವರ್ಷ ಬೇಗನೆ ಮರಿ ಬೆಳೆಸಲು ಆರಂಭಿಸಿದವು. 2002ರಲ್ಲಿ ಅವುಗಳ ಜೇನಿನ ಇಳುವರಿ, ಪರಾಗದ ಕೊರತೆಯಲ್ಲಿಟ್ಟ ಕುಟುಂಬಗಳ ಎರಡರಷ್ಟಾಯಿತು. ಮುಂದಿನ ಎರಡು ವರ್ಷಗಳಲ್ಲಿ ಮಾತ್ರ ಬೇಸಿಗೆಯ ನಡುವಿನ ಹೊತ್ತಿಗೆ ಎಲ್ಲ ಕುಟುಂಬಗಳೂ ಸಮಸಮವಾದವು, ಇಳುವರಿಯಲ್ಲೂ ವ್ಯತ್ಯಾಸ ಉಳಿಯಲಿಲ್ಲ. ವರ್ಷದಿಂದ ವರ್ಷಕ್ಕೆ ಬದಲಾದದ್ದು ವಸಂತದ ಹವೆ. ಹವೆ ಕೆಟ್ಟು ನೊಣಗಳು ಹೊರಗೆ ಹೋಗಲಾಗದ ವರ್ಷ ನೆರವಾದ ಆಹಾರ, ಹೂವು ಒದಗಿದ ವರ್ಷ ಕಡೆಗೆ ಲೆಕ್ಕಕ್ಕೆ ಬರಲಿಲ್ಲ.

ಕೊಡಬೇಕೇ ಬೇಡವೇ ಎಂಬುದು ಎರಿಯನ್ನು ನೋಡಿದರೆ ತಿಳಿಯುತ್ತದೆ. ಸಂಸಾರ ಕೋಣೆಯ, ಅಂದರೆ ಪೆಟ್ಟಿಗೆಯಲ್ಲಿ ರಾಣಿ ಮೊಟ್ಟೆಯಿಟ್ಟು ಮರಿಗಳು ಬೆಳೆಯುವ ಭಾಗದ, ನಡುವಿನ ಎರಿಯ ಚೌಕಟ್ಟೊಂದನ್ನು ಎತ್ತಿ, ಬಿಸಿಲಿಗೆ ಬೆನ್ನು ಮಾಡಿ ನಿಂತು, ಬೆಳಕು ಹೆಗಲ ಮೇಲಿಂದ ಕಣದ ತಳಕ್ಕೆ ಬೀಳುವಂತೆ ಹಿಡಿಯಬೇಕು. ಎಳೆಯ ಮರಿಹುಳು ಬಿಳಿ ರಸದಲ್ಲಿ ತೇಲುತ್ತಿರುವಂತೆ ಕಂಡರೆ, ಮರಿಯ ಸುತ್ತ ಹಳದಿ, ಕಿತ್ತಳೆ, ಬೂದು ಬಣ್ಣದ ಪರಾಗದ ಪಟ್ಟಿ ಇದ್ದರೆ, ಆ ಕುಟುಂಬಕ್ಕೆ ನಮ್ಮ ಆಹಾರ ಬೇಡ. ಮರಿಹುಳು ಒಣಗಿದ ಕಣದ ತಳಕ್ಕೆ ಅಂಟಿಕೊಂಡಂತಿದ್ದು, ಪರಾಗದ ಪಟ್ಟಿ ಕಾಣದೆ, ಮೊಟ್ಟೆಗಳು ಸಾಕಷ್ಟಿದ್ದೂ ದೊಡ್ಡ ಮರಿಗಳು ವಿರಳವಾಗಿದ್ದರೆ ಅಪಾಯ ಬಾಗಿಲಿಗೆ ಬಂದಿದೆ ಎಂದರ್ಥ, ಏಕೆಂದರೆ ಪರಾಗ ಮುಗಿದಾಗ ನೊಣಗಳು ತಮ್ಮದೇ ಎಳೆಯ ಮರಿಗಳನ್ನು ತಿಂದು ಆ ಪ್ರೋಟೀನನ್ನು ಉಳಿಸಿಕೊಳ್ಳುತ್ತವೆ.

ಇದನ್ನು ನಾನು ಕಣ್ಣಾರೆ ಕಂಡದ್ದು ನನ್ನದೇ ತಪ್ಪಿನಿಂದ. ಒಂದು ವರ್ಷ ಹಂಗಾಮಿಗೆ, ಅಂದರೆ ಹೂವು ಹೇರಳವಾಗಿ ಸಿಗುವ ಕಾಲಕ್ಕೆ, ಬಹಳ ಮೊದಲೇ ಪೂರಕ ಆಹಾರ ಕೊಡಲು ಆರಂಭಿಸಿ, ರಾಣಿ ಚೌಕಟ್ಟಿನ ಅಂಚಿನವರೆಗೂ ಮೊಟ್ಟೆಯಿಟ್ಟದ್ದನ್ನು ಕಂಡು ಹಿಗ್ಗಿ, ಇನ್ನು ಸಾಕೆಂದು ನಿಲ್ಲಿಸಿದೆ. ಮರುವಾರವೆಲ್ಲ ಬಿಡದೆ ಮಳೆ. ಪೆಟ್ಟಿಗೆ ತೆರೆದಾಗ ಮೊಟ್ಟೆಯಿದ್ದ ಸಾಲು ಸಾಲು ಕಣಗಳು ಬರಿದಾಗಿದ್ದವು. ನಾನೇ ಹುಟ್ಟಿಸಿದ ಹಸಿವು ಅದು. ಮೊಟ್ಟೆ ನೊಣವಾಗಲು ಸುಮಾರು ಮೂರು ವಾರ, ಆ ನೊಣ ಹೊರಗೆ ದುಡಿಯಲು ಹೊರಡಲು ಮತ್ತೆರಡು ಮೂರು ವಾರ ಬೇಕಾಗುವುದರಿಂದ, ಅಗತ್ಯವಿದ್ದವರು ಹಂಗಾಮಿಗೆ ಸುಮಾರು ಆರು ವಾರ ಮೊದಲು ಆರಂಭಿಸಬೇಕು. ಆರಂಭಿಸಿದ ಮೇಲೆ ಹಿಂಗಾಲಿನಲ್ಲಿ ಪರಾಗ ಹೊತ್ತ ನೊಣಗಳು ದಿನವೂ ಬಾಗಿಲಲ್ಲಿ ಇಳಿಯುವವರೆಗೆ ನಿಲ್ಲಿಸಬಾರದು. ಆಹಾರವನ್ನು ಮರಿಗಳ ನೇರ ಮೇಲೆ, ಕೆಲವೇ ದಿನಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ಇಡಬೇಕು. ಉಳಿದದ್ದು ಬೂಸ್ಟು ಹಿಡಿಯುತ್ತದೆ, ಹುಳುಗಳನ್ನು ಕರೆಯುತ್ತದೆ.

ಆಹಾರ ಯಾವುದರಿಂದ ಆಗಿದೆ ಎಂಬುದೂ ಅಷ್ಟೇ ಮುಖ್ಯ. ಸೋಯಾ ಹಿಟ್ಟಿನಲ್ಲಿರುವ ಕೆಲವು ಸಕ್ಕರೆಗಳೂ ಹಾಲಿನ ಪುಡಿಯಲ್ಲಿರುವ ಲ್ಯಾಕ್ಟೋಸೂ ಪ್ರಮಾಣ ಮೀರಿದರೆ ನೊಣಗಳಿಗೆ ವಿಷ. ಪ್ರೋಟೀನಿನ ಅಂಶ ಸರಿಯಿದ್ದರೂ ಬದಲಿ ಆಹಾರಗಳಲ್ಲಿ ಸಾಮಾನ್ಯವಾಗಿ ಸಿಗದ ವಸ್ತುವೆಂದರೆ ಪರಾಗದ ಸ್ಟೆರಾಲ್‌ಗಳೆಂಬ ಕೊಬ್ಬಿನ ಜಾತಿಯ ಪೋಷಕಾಂಶಗಳು. ನೊಣಗಳು ಅವನ್ನು ತಾವಾಗಿ ತಯಾರಿಸಿಕೊಳ್ಳಲಾರವು. ಆಕ್ಸ್‌ಫರ್ಡ್ ವಿಜ್ಞಾನಿಗಳು ಯೀಸ್ಟ್ ಒಂದನ್ನು ಮಾರ್ಪಡಿಸಿ ಇಂಥ ಆರು ಸ್ಟೆರಾಲ್‌ಗಳನ್ನು ಅದರಿಂದ ಪಡೆದು ಆಹಾರಕ್ಕೆ ಸೇರಿಸಿದಾಗ, ಆ ಕುಟುಂಬಗಳು ಸ್ಟೆರಾಲ್ ಇಲ್ಲದ ಆಹಾರ ಪಡೆದವುಗಳಿಗಿಂತ 15 ಪಟ್ಟಿನವರೆಗೂ ಹೆಚ್ಚು ಮರಿಗಳನ್ನು ಕೋಶಾವಸ್ಥೆಗೆ (ಮರಿಹುಳು ನೊಣವಾಗುವ ಮುಂಚಿನ ಹಂತಕ್ಕೆ) ಮುಟ್ಟಿಸಿದವೆಂದು 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿಯಾಗಿದೆ. ಹಿಟ್ಟಿನ ಉಂಡೆ ಪರಾಗಕ್ಕೆ ಸಮವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಹಾಗೆಂದು ಎಲ್ಲಿಯದೋ ಪರಾಗವನ್ನು ಕೊಂಡು ತಿನ್ನಿಸುವುದು ಇನ್ನೂ ದೊಡ್ಡ ಅಪಾಯ. ಮರಿಗಳನ್ನು ಕೊಳೆಸಿ ಕೊಲ್ಲುವ ಅಮೆರಿಕನ್ ಫೌಲ್‌ಬ್ರೂಡ್ ರೋಗದ ಬೀಜಾಣುಗಳು ಪರಾಗದ ಜೊತೆ ಬರಬಲ್ಲವು, ದಶಕಗಳ ಕಾಲ ಸಾಯದೆ ಉಳಿಯಬಲ್ಲವು. ವಿಕಿರಣದಿಂದ ಶುದ್ಧಗೊಳಿಸಿದ ಪರಾಗ ಸಿಗದಿದ್ದರೆ, ಹೂವಿನ ಕಾಲದಲ್ಲಿ ತಮ್ಮದೇ ಆರೋಗ್ಯವಂತ ಕುಟುಂಬಗಳಿಂದ ಸ್ವಲ್ಪ ಸ್ವಲ್ಪವೇ ತೆಗೆದು, ಫ್ರೀಜರಿನಲ್ಲಿ ಇಟ್ಟು, ಅಭಾವದ ಕಾಲಕ್ಕೆ ಅದನ್ನೇ ಮರಳಿ ಕೊಡುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಕ್ರಮ. ನನ್ನನ್ನು ತೀರ ನೋಯಿಸುವುದು ಇದಕ್ಕೆ ವಿರುದ್ಧವಾದ ರೂಢಿ: ಮಾರಾಟಕ್ಕೆಂದು ಬಾಗಿಲಲ್ಲಿ ಬಲೆಯೊಡ್ಡಿ ನೊಣಗಳ ಪರಾಗವನ್ನು ಕಿತ್ತುಕೊಂಡು, ಬದಲಿಗೆ ಅಗ್ಗದ ಹಿಟ್ಟು ತಿನ್ನಿಸುವುದು.

ತಮ್ಮ ಪತ್ರಿಕೆಯಲ್ಲಿ ಒಂದು ವಿನಂತಿ. ಇಂಥ ಆಹಾರಗಳ ಬಗ್ಗೆ ಮುಂದೆ ಬರೆಯುವಾಗ, ಪೊಟ್ಟಣದಲ್ಲಿ ನಿಜವಾದ ಪರಾಗ ಎಷ್ಟು ಪಾಲು ಇದೆ, ಅದನ್ನು ರೋಗಾಣುಮುಕ್ತಗೊಳಿಸಲಾಗಿದೆಯೇ, ತಯಾರಾದದ್ದು ಯಾವಾಗ ಎಂಬ ಮೂರು ವಿಷಯಗಳನ್ನು ತಯಾರಕರಿಂದ ಕೇಳಿ ಪ್ರಕಟಿಸಬೇಕು.

ಇಂತಿ,
ಒಬ್ಬ ಜೇನು ಕೃಷಿಕ