ಬೋರ್ ಪಾಯಿಂಟ್ ಜೊತೆಗೆ ಇನ್ನು ಮೇಲೆ ವರ್ಷಕ್ಕೆ ಎರಡು ಸಲ ಸುತ್ತಿಗೆ ಅಳತೆ

ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ನಮ್ಮ ರೈತ ಬಂಧುಗಳಿಗೆ ಶರಣು ಶರಣಾರ್ಥಿ.

ಬರುವ ಮೇ ತಿಂಗಳಿಂದ ನಮ್ಮ ಸರ್ವೆ ಕಚೇರಿಯ ಕೆಲಸದ ರೀತಿ ಬದಲಾಗುತ್ತಿದೆ. ಇಲ್ಲಿಯವರೆಗೆ ನೀವು ಕರೆದಾಗ ಬರುತ್ತಿದ್ದೆವು. ನೆಲಕ್ಕೆ ಕರೆಂಟ್ ಬಿಟ್ಟು ನೋಡುವ ಮಷಿನ್ ಇಟ್ಟು ಬೋರ್ ಪಾಯಿಂಟ್ ತೋರಿಸುತ್ತಿದ್ದೆವು. ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಇನ್ನು ಮೇಲೆ ಒಂದೇ ಜಾಗದಲ್ಲಿ ವರ್ಷಕ್ಕೆ ಎರಡು ಸಲ ಅಳೆಯುತ್ತೇವೆ: ಮುಂಗಾರು ಶುರುವಾಗುವ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಹಿಂಗಾರಿ ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಇನ್ನೊಮ್ಮೆ. ಈ ಅಳತೆ ಮಾಡುವುದು ಸುತ್ತಿಗೆ ಏಟಿನಿಂದ. ಹಳೆಯ ಮಷಿನ್ ಬಿಡುವುದಿಲ್ಲ, ಅದೂ ಜೊತೆಗಿರುತ್ತದೆ.

ಕೆಲಸ ನಡೆಯುವುದು ಹೀಗೆ. ಹೊಲದಲ್ಲಿ ನೇರ ಗೆರೆಯಲ್ಲಿ ಐದೈದು ಮೀಟರಿಗೆ ಒಂದರಂತೆ 24 ಜಿಯೋಫೋನ್ ಚುಚ್ಚುತ್ತೇವೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಡಬ್ಬಿಗಳು, ಕೆಳಗೆ ಒಂದು ಮೊಳೆ. ನೆಲ ಅಲುಗಿದ್ದನ್ನು ಅವು ಹಿಡಿಯುತ್ತವೆ. ಒಟ್ಟು 115 ಮೀಟರ್ ಗೆರೆ. ಅದರ ತುದಿಯಲ್ಲಿ ಕಬ್ಬಿಣದ ದಪ್ಪ ಪ್ಲೇಟ್ ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತೇವೆ. ಏಟಿನ ಅಲೆ ಮಣ್ಣು, ಗರಸು, ಕಲ್ಲು ದಾಟಿ ಪ್ರತಿ ಡಬ್ಬಿಗೆ ಯಾವಾಗ ಮುಟ್ಟಿತು ಅನ್ನುವುದು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಲ್ಯಾಪ್‌ಟಾಪ್‌ನಲ್ಲಿ ಬೀಳುತ್ತದೆ. ಒಂದೇ ಜಾಗದಲ್ಲಿ ಹಲವು ಸಲ ಹೊಡೆದು ಕೂಡಿಸುತ್ತೇವೆ. ಗಾಳಿ, ಟ್ರ್ಯಾಕ್ಟರ್ ಸದ್ದು ಹಿಂದೆ ಸರಿದು ಏಟು ಮಾತ್ರ ಎದ್ದು ಕಾಣುತ್ತದೆ.

ಒಣ ಮಣ್ಣಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 300ರಿಂದ 600 ಮೀಟರ್ ಓಡುತ್ತದೆ. ನೀರಿನಲ್ಲಿ ಅದರ ವೇಗ ಸುಮಾರು 1,500 ಮೀಟರ್. ಹಾಗಾಗಿ ಗರಸಿನ ಸಂದುಗಳಲ್ಲಿ ನೀರು ತುಂಬಿಕೊಂಡ ಕಡೆ ವೇಗ ಒಮ್ಮೆಲೇ ಏರುತ್ತದೆ. ಗಟ್ಟಿ ಕರಿಕಲ್ಲಿನಲ್ಲಿ 5,000 ಮೀಟರ್ ಆಸುಪಾಸು.

ಹಾಗಾದರೆ ಒಂದು ಸಲ ಅಳೆದರೆ ಸಾಕಲ್ವಾ? ಸಾಲುವುದಿಲ್ಲ. ಅರ್ಧಂಬರ್ಧ ಕಳಿತ ಕಲ್ಲು ಒಣಗಿದ್ದರೂ 1,500 ಮೀಟರ್ ವೇಗ ತೋರಿಸಬಹುದು. ಆ ಅಂಕಿಯೊಂದನ್ನೇ ನೋಡಿ ಅದು ನೀರೋ ಕಲ್ಲೋ ಅಂತ ಯಾರೂ ಎದೆ ತಟ್ಟಿ ಹೇಳಲಾರರು. ಆದರೆ ಮೇ ತಿಂಗಳಿಂದ ನವೆಂಬರ್‌ಗೆ ಕಲ್ಲು ಬದಲಾಗುವುದಿಲ್ಲ, ಬದಲಾಗುವುದು ನೀರು. ಅದೇ ಗೆರೆ, ಅದೇ ಗೂಟ, ಅದೇ ಸುತ್ತಿಗೆ ಇಟ್ಟು ಎರಡು ಸಲ ಅಳೆದರೆ, ನೀರಿನ ಮಟ್ಟ ಎಷ್ಟು ಮೇಲೆ ಬಂತು, ಬರಲೇ ಇಲ್ಲವಾ ಅನ್ನುವುದು ತಿಳಿಯುತ್ತದೆ. ಈ ಬದಲಾವಣೆಗೆ ಮುಖ್ಯ ಕಾರಣ ಇದೇ.

ಇನ್ನೊಂದು ಕಾರಣವೂ ಇದೆ. ಮುಳವಾಡ ಏತ ನೀರಾವರಿಯಿಂದ ಕೆರೆಗಳಿಗೆ ಕೃಷ್ಣೆಯ ನೀರು ಬಂತು. ಕೆರೆ ತುಂಬಿದಾಗ ಪಕ್ಕದ ಬಾವಿಗಳೂ ಮೇಲೆ ಬರುತ್ತವೆ, ಅದು ದೊಡ್ಡ ಸಂತೋಷ. ಆದರೆ ಕೆರೆ ತುಂಬಿದ್ದನ್ನು ನೋಡಿ 600 ಅಡಿ ಬೋರ್‌ನಲ್ಲೂ ನೀರು ತುಂಬಿತು ಅಂದುಕೊಳ್ಳುವುದು ಬೇಡ. ನಮ್ಮ ನೆಲದಡಿ ಲಾವಾ ಪದರದ ಮೇಲೆ ಪದರ ಕುಳಿತಿದೆ. ಎರಡು ಪದರದ ನಡುವೆ ಎಷ್ಟೋ ಕಡೆ ಜಿಗುಟಾದ ಕೆಂಪು ಮಣ್ಣಿದೆ. ಬೋರ್ ಕೊರೆಯುವಾಗ ಕೆಂಪು ರಾಡಿ ಮೇಲೆ ಬಂದದ್ದನ್ನು ನೀವೇ ನೋಡಿರುತ್ತೀರಿ. ಅದು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ.

ದೂರದ ಕ್ಯಾಲಿಫೋರ್ನಿಯಾದಲ್ಲೂ ಇಂಥದ್ದೇ ಕಂಡಿದೆ. 2023ರ ಆರಂಭದಲ್ಲಿ ಅಲ್ಲಿ ಭಾರಿ ಮಳೆ ಸುರಿದು ಅಣೆಕಟ್ಟುಗಳು ತುಂಬಿದವು. ಲಾಸ್ ಏಂಜಲೀಸ್ ಸುತ್ತ ಭೂಕಂಪ ಅಳೆಯಲು ಮೊದಲೇ ಇಟ್ಟಿದ್ದ ಯಂತ್ರಗಳ ದಾಖಲೆಯನ್ನು ವಿಜ್ಞಾನಿಗಳು ತೆಗೆದು ನೋಡಿದರು. ಅಲ್ಲಿ ಸುತ್ತಿಗೆಯೂ ಬೇಕಿಲ್ಲ. ಸಮುದ್ರದ ಅಲೆ, ವಾಹನ ಓಡಾಟದಿಂದ ನೆಲ ಸದಾ ಸಣ್ಣಗೆ ನಡುಗುತ್ತಲೇ ಇರುತ್ತದೆ, ಅದೇ ಸಾಕು. (ಅವರು ಅಳೆಯುವ ಅಲೆ ಬೇರೆ ಜಾತಿಯದು. ನೀರಿನ ಒತ್ತಡ ಹೆಚ್ಚಾದರೆ ಅದು ತುಸು ನಿಧಾನವಾಗುತ್ತದೆ.) 2025ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಮೇಲಿನ ನೀರು ಚೆನ್ನಾಗಿ ತುಂಬಿಕೊಂಡಿತ್ತು. ಆಳದಲ್ಲಿ ಮಾತ್ರ 2006ರಿಂದ ಕಳೆದುಕೊಂಡದ್ದರಲ್ಲಿ ಸುಮಾರು ಕಾಲು ಭಾಗವಷ್ಟೇ ಮರಳಿತ್ತು. ಅಷ್ಟು ದೊಡ್ಡ ಮಳೆಗೇ ಈ ಸ್ಥಿತಿ.

ನಮ್ಮ ಅಳತೆಯ ಮಿತಿಯನ್ನೂ ಹೇಳಬೇಕು. 115 ಮೀಟರ್ ಗೆರೆಯಲ್ಲಿ ಕಾಣುವುದು 25ರಿಂದ 30 ಮೀಟರ್ ಆಳ, ಅಂದರೆ ಹೆಚ್ಚೆಂದರೆ 100 ಅಡಿ. ಬಾವಿಗೆ, ಮೇಲಿನ ಬೋರ್‌ಗೆ ನೀರು ಕೊಡುವ ಪದರ ಇದು. ಗಟ್ಟಿ ಕಲ್ಲಿನ ಕೆಳಗೆ ಅಡಗಿರುವ ಮೆತ್ತನೆಯ ಪದರ ಈ ವಿಧಾನಕ್ಕೆ ಕಾಣುವುದಿಲ್ಲ. ಅದಕ್ಕೇ ಕರೆಂಟ್ ಮಷಿನ್ ಉಳಿಸಿಕೊಂಡಿದ್ದೇವೆ. ಆಳದ ನೀರಿಗೆ ನಿಮ್ಮ ಹೊಲದಲ್ಲಿ ಮೋಟಾರ್ ತೆಗೆದಿಟ್ಟ ಹಳೆ ಬೋರ್ ಇದ್ದರೆ ತಿಳಿಸಿ. ಅದರಲ್ಲಿ ಟೇಪ್ ಇಳಿಸಿ ಮಟ್ಟ ಬರೆದುಕೊಳ್ಳುತ್ತೇವೆ. ಇದಕ್ಕೆ ಚಾರ್ಜ್ ಇಲ್ಲ.

ದ್ರಾಕ್ಷಿ ಬೆಳೆಗಾರರಿಗೆ ಇದರ ಉಪಯೋಗ ಜಾಸ್ತಿ. ನವೆಂಬರ್ ಲೆಕ್ಕ ಕೈಯಲ್ಲಿದ್ದರೆ, ಏಪ್ರಿಲ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಹೊತ್ತಿಗೆ ನೀರು ಸಾಲುತ್ತದಾ, ಕೃಷಿ ಹೊಂಡ ಈಗಲೇ ತುಂಬಿಟ್ಟುಕೊಳ್ಳಬೇಕಾ ಅಂತ ಐದು ತಿಂಗಳು ಮೊದಲೇ ಯೋಚಿಸಬಹುದು. ಬೇಸಿಗೆಯಲ್ಲಿ ಗಡಿಬಿಡಿಯಿಂದ ಸಾಲ ಮಾಡಿ ಇನ್ನೊಂದು ಬೋರ್ ಕೊರೆಸುವುದು ಒಂದು ಮನೆಗಾದರೂ ತಪ್ಪಲಿ ಅನ್ನುವುದು ನಮ್ಮ ಆಸೆ.

ಭೂಕಂಪದ ಮಷಿನ್ ಅಂತ ಕೇಳಿ ಕೆಲವು ಹಿರಿಯರು ಗಾಬರಿಯಾದರು. 1993ರ ಕಿಲ್ಲಾರಿ ಭೂಕಂಪದ ನೆನಪಿರುವವರು ಹಾಗೆ ಕೇಳುವುದು ಸಹಜ. ಇದರಲ್ಲಿ ಸಿಡಿಮದ್ದು ಇಲ್ಲ. ಸುತ್ತಿಗೆ ಏಟಿಗೆ ಬಾವಿಯ ಕಟ್ಟೆಗಾಗಲಿ ಬೋರ್ ಕೇಸಿಂಗ್‌ಗಾಗಲಿ ಏನೂ ಆಗುವುದಿಲ್ಲ.

ಪಾಯಿಂಟ್ ಸರ್ವೆಯ ಚಾರ್ಜ್ ಮೊದಲಿನಷ್ಟೇ. ಮೇ ಅಳತೆ ಅದರಲ್ಲೇ ಸೇರಿದೆ, ನವೆಂಬರ್ ಅಳತೆಗೆ ಅರ್ಧ ಚಾರ್ಜ್. ಅಕ್ಕಪಕ್ಕದ ಹೊಲದವರು ಸೇರಿ ಒಂದೇ ಗೆರೆ ಹಾಕಿಸಿಕೊಂಡರೆ ಹಂಚಿಕೊಳ್ಳಬಹುದು. ನಾವು ಬರುವ ದಿನ ಗೆರೆಯ ಹತ್ತಿರದ ಮೋಟಾರ್‌ಗಳನ್ನು ಹಿಂದಿನ ಸಂಜೆಯೇ ಬಂದ್ ಮಾಡಿ. ಎರೆ ಹೊಲವಾದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಜಿಯೋಫೋನ್ ಗಟ್ಟಿಯಾಗಿ ಕೂರುವುದಿಲ್ಲ. ಅಂಥವರು ಬದುವಿನ ಪಕ್ಕ ಗೆರೆಗೆ ಜಾಗ ಬಿಟ್ಟಿರಿ. ಗೆರೆಯ ಎರಡೂ ತುದಿಗೆ ನಾವು ಹೂಳುವ ಕಲ್ಲನ್ನು ಉಳುಮೆ ಮಾಡುವಾಗ ದಯವಿಟ್ಟು ಕೀಳಬೇಡಿ. ಮೇ ಸರದಿಗೆ ಏಪ್ರಿಲ್ 15ರ ಒಳಗೆ ಹೆಸರು ಬರೆಸಿ.

ನಿಮ್ಮ
ಬೋರ್‌ವೆಲ್ ಸರ್ವೆ ಕಚೇರಿಯ ಬಳಗ, ವಿಜಯಪುರ